ಗೌರೀನ ಯಾರು ಕರೀತಾರೆ?

2024ರ ಜುಲೈ. ಡೆಂಗಿ ಜೋರಾಗಿದ್ದ ತಿಂಗಳು. ರಾತ್ರಿ ಹತ್ತು ಗಂಟೆಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಬಿ.ಎ. ಎರಡನೇ ವರ್ಷದಲ್ಲಿದ್ದ, ಎನ್‌ಎಸ್‌ಎಸ್ (ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ) ಸೇರಿದ್ದ. "ಅಕ್ಕಾ, ನಾಳೆ ಜಾಗೃತಿ ಜಾಥಾ. ಎರಡು ಘೋಷಣೆ ಬರ್ಕೊಡು, ಪ್ರಾಸ ಇರ್ಲಿ" ಅಂದ. ನನ್ನನ್ನೇ ಕೇಳೋಕೆ ಕಾರಣ ಇದೆ. ಕೊರೋನಾ ಕಾಲದಲ್ಲಿ ಈ ವಿಷಯದಲ್ಲಿ ನನ್ನದು ಎತ್ತಿದ ಕೈ. 'ಮಾಸ್ಕಿಲ್ಲದ ಮುಖ, ಮನೆಮಂದಿಗೆ ದುಃಖ' ಅನ್ನೋದು ನನ್ನದೇ ರಚನೆ. ನಮ್ಮೂರಿನ ಪಂಚಾಯಿತಿ ಗೋಡೆಯ ಮೇಲೆ ಇವತ್ತಿಗೂ ಅರ್ಧ ಉಳಿದಿದೆ. 'ದುಃಖ' ಮಾತ್ರ ಮಳೆಗೆ ತೊಳೆದು ಹೋಗಿದೆ.

ಐದೇ ನಿಮಿಷದಲ್ಲಿ 'ಡ್ರಮ್ಮಿಗೆ ಮುಚ್ಚಳ, ಸೊಳ್ಳೆಗೆ ಕಳವಳ' ಅಂತ ಒಂದು ಕಳಿಸಿದೆ. ನಗುವ ಮುಖ ಬಂತು. ಎರಡನೆಯದು ಬರೆಯೋಕೆ ಆಗಲಿಲ್ಲ. ಜಾಗೃತಿ ಅನ್ನೋ ಪದದ ಹತ್ತಿರ ಕೈ ನಿಂತುಹೋಯಿತು. ಜಾಗೃತಿ ಅಂದ್ರೆ ಎಬ್ಬಿಸೋದು, ಅಲ್ವಾ? ಮಲಗಿರೋರನ್ನು ಎಬ್ಬಿಸಬೇಕು. ಆದರೆ ನಾವು ಬೆಳಿಗ್ಗೆ ಎಂಟಕ್ಕೆ ಹೋಗಿ ಬಾಗಿಲು ಬಡಿಯುತ್ತಿದ್ದ ಮನೆಯವರೆಲ್ಲ ನಾಲ್ಕೂವರೆಗೇ ಎದ್ದು, ಕೊಟ್ಟಿಗೆ ಗುಡಿಸಿ, ಡೈರಿಗೆ ಹಾಲು ಹಾಕಿ, ಇನ್ನೇನು ಹೊಲಕ್ಕೆ ಹೊರಟಿರುತ್ತಿದ್ದರು. ಹಾಸಿಗೆಯಿಂದ ಎದ್ದು ಬಂದಿದ್ದವರು ನಾವೇ. ಇದು ಆಗ ತಲೆಗೆ ಬರಲಿಲ್ಲ. ಯಾವತ್ತು ಬಂತು ಅನ್ನೋದು ಮಾತ್ರ ಸರಿಯಾಗಿ ನೆನಪಿದೆ. ಅವತ್ತು ಒಂದು ಹಸು ನನ್ನ ಬಕೆಟ್ಟನ್ನು ಒದ್ದಿತ್ತು.

ಗಂಟೆಗಳ ಪುಸ್ತಕ

ಎನ್‌ಎಸ್‌ಎಸ್ ಮಾಡಿದವರಿಗೆ ಆ ಡೈರಿ ಗೊತ್ತಿರುತ್ತದೆ (ಹಾಲಿನ ಡೈರಿ ಅಲ್ಲ, ಬರೆಯೋ ಡೈರಿ). ದಿನಾಂಕ, ಮಾಡಿದ ಕೆಲಸ, ಗಂಟೆ, ಸಹಿ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಜೊತೆಗೆ ಏಳು ದಿನದ ಶಿಬಿರ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಇದನ್ನು ಶುರು ಮಾಡಿದರು. ಶುರು ಮಾಡಿದ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್ ನಮ್ಮ ಬಳ್ಳಾರಿಯಿಂದಲೇ ಲೋಕಸಭೆಗೆ ಗೆದ್ದು ಹೋಗಿದ್ದವರು. ಅವರು ಅರ್ಥಶಾಸ್ತ್ರಜ್ಞರು. ದೇಶದ ಆದಾಯವನ್ನೇ ಲೆಕ್ಕ ಹಾಕಿದ ಮನುಷ್ಯ. ಅದಕ್ಕೇ ಸೇವೆಗೂ ಗಂಟೆಯ ಲೆಕ್ಕ ಬಂತೇನೋ ಅಂತ ನಾನು ಗೆಳತಿಯರ ಹತ್ತಿರ ತಮಾಷೆ ಮಾಡುತ್ತಿದ್ದೆ. ಎದೆಯ ಮೇಲೆ ಕೊನಾರ್ಕ್ ಚಕ್ರದ ಬ್ಯಾಡ್ಜು, ಬಾಯಲ್ಲಿ 'ನನಗಲ್ಲ, ನಿನಗೆ'. ಮನಸ್ಸಿನಲ್ಲಿ ಮಾತ್ರ ಇನ್ನು ಎಷ್ಟು ಗಂಟೆ ಬಾಕಿ ಅನ್ನೋ ಲೆಕ್ಕ.

2021ರ ಏಪ್ರಿಲ್ ಕೊನೆಗೆ ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕೊನೆ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ಏಪ್ರಿಲ್ 27ರ ರಾತ್ರಿಯಿಂದ ಎಲ್ಲ ಬಂದ್ ಅಂದರು. ಹಾಸ್ಟೆಲ್ ಖಾಲಿ ಮಾಡಿಸಿದರು. ಬೆಂಗಳೂರಿನಿಂದ ಊರೂರಿಗೆ ಬಸ್ಸಿನ ತುಂಬ ಜನ ಬಂದರು. ಬಸ್ಸಿನಲ್ಲಿ ಇನ್ನೇನು ಬಂತು ಅಂತ ನಿಮಗೂ ಗೊತ್ತು. ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನದ ಹೊಸ ಕೇಸು 50 ಸಾವಿರ ದಾಟಿತು. ಆ ವಾರವೇ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು: ಸ್ವಯಂಸೇವಕರು ತಮ್ಮ ತಮ್ಮ ಊರಿನ ಪಂಚಾಯಿತಿ ಕಾರ್ಯಪಡೆಗೆ ಸಹಾಯ ಮಾಡಿ, ಜಾಗೃತಿ ಮೂಡಿಸಿ, ಜಿಯೋಟ್ಯಾಗ್ ಇರೋ ಫೋಟೊ ಕಳಿಸಿ. ಫೋಟೊ ನ್ಯಾಕ್ (ಕಾಲೇಜುಗಳಿಗೆ ಗ್ರೇಡ್ ಕೊಡೋ ಸಂಸ್ಥೆ) ಫೈಲಿಗೆ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಕಾಲೇಜಿನಲ್ಲಿ ಓದಿದವರಿಗೆ ಹೇಳಬೇಕಾಗಿಯೂ ಇಲ್ಲ.

ಅದೇ ಹೊತ್ತಿಗೆ ಕೊನೆ ವರ್ಷದ ಎಂಬಿಬಿಎಸ್ ಹುಡುಗ ಹುಡುಗಿಯರನ್ನು ಫೋನಿನಲ್ಲಿ ಸಲಹೆ ಕೊಡೋಕೆ ಬಳಸಿಕೊಳ್ಳಬಹುದು ಅಂತ ಕೇಂದ್ರ ಹೇಳಿತ್ತು. 100 ದಿನ ಕೋವಿಡ್ ಕೆಲಸ ಮಾಡಿದರೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಅಂತಲೂ ಇತ್ತು. ಅವರಿಗೆ ಕೊಡೋಕೆ ವಿದ್ಯೆ ಇತ್ತು. ಕೆಮಿಸ್ಟ್ರಿ ಓದೋ ನನ್ನ ಹತ್ತಿರ ಏನಿತ್ತು? ಎರಡು ಕಾಲು, ಒಂದು ಫೋನು, ಇಂಗ್ಲಿಷ್ ಓದೋಕೆ ಬರುತ್ತೆ ಅನ್ನೋ ಧೈರ್ಯ. ಲಸಿಕೆಗೆ ಕೋವಿನ್‌ನಲ್ಲಿ ಹೆಸರು ಹಾಕೋದು, ಒಟಿಪಿ ಬರೋ ತನಕ ಜಗಲಿ ಮೇಲೆ ಕೂರೋದು, ನೆಟ್‌ವರ್ಕ್ ಸಿಗಲಿ ಅಂತ ಟ್ಯಾಂಕ್ ಹತ್ತೋದು. ನಿಜ ಹೇಳಬೇಕಂದ್ರೆ ಅಷ್ಟರಮಟ್ಟಿಗೆ ನಾವು ಉಪಯೋಗಕ್ಕೆ ಬಂದಿದ್ದೇವೆ. ಆದರೆ ಅದನ್ನು ಯಾರೂ ಡೈರಿಯಲ್ಲಿ ಬರೆಯುತ್ತಿರಲಿಲ್ಲ. 'ಜಾಗೃತಿ ಕಾರ್ಯಕ್ರಮ, 3 ಗಂಟೆ' ಅಂತ ಬರೆದರೆ ಸಹಿ ಬೇಗ ಬೀಳುತ್ತಿತ್ತು.

ಆಶಾ ಅಕ್ಕನ ಹಿಂದೆ

ನಮ್ಮೂರು ಹಾಸನ ಜಿಲ್ಲೆಯಲ್ಲಿ. ಇನ್ನೂರು ಚಿಲ್ಲರೆ ಮನೆ. ಆಶಾ ಅಕ್ಕನ ಜೊತೆ ಮನೆ ಮನೆ ಸುತ್ತೋದು ನನ್ನ ಕೆಲಸ. ಅಕ್ಕನ ಕೈಯಲ್ಲಿ ಆಕ್ಸಿಮೀಟರ್, ನನ್ನ ಕೈಯಲ್ಲಿ ಪುಸ್ತಕ. ಹಿಂದಿನ ವರ್ಷ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಕೊಡಿ ಅಂತ ರಾಜ್ಯದ ಆಶಾಗಳೆಲ್ಲ ಮುಷ್ಕರ ಹೂಡಿದ್ದರು. ಆಗ ಈ ಅಕ್ಕನೂ ಹೋಗಿದ್ದರು. ಹನ್ನೆರಡು ಸಾವಿರ ಸಿಗಲಿಲ್ಲ. ಮೊದಲ ದಿನವೇ ನನ್ನ ಬ್ಯಾಡ್ಜ್ ನೋಡಿ, "ನಿಂಗೆ ಇದ್ಕೆ ಏನ್ ಕೊಡ್ತಾರವ್ವ?" ಅಂದರು. ಸರ್ಟಿಫಿಕೇಟ್ ಅಂದೆ. "ನಮಗೆ ಅದೂ ಇಲ್ಲ" ಅಂತ ನಕ್ಕರು.

ಆ ಯಂತ್ರವನ್ನು ಬೆರಳಿಗೆ ಹಾಕೋದು ಎಷ್ಟು ಹೊತ್ತಿನ ಕೆಲಸ ಅಂದುಕೊಂಡಿದ್ದೀರಿ? ಕಳೆ ಕೀಳೋ ಕೈಗಳು. ಬೆರಳ ತುದಿ ಗಟ್ಟಿಯಾಗಿ ಬಿರಿದಿರುತ್ತೆ. ಬೆಳಿಗ್ಗೆ ತಣ್ಣೀರಿನಲ್ಲಿ ಕೆಲಸ ಮಾಡಿ ಬಂದ ಬೆರಳಾದರೆ ಯಂತ್ರ ಸುಮ್ನೆ ಗೀಟು ತೋರಿಸುತ್ತಿತ್ತು, ಅಂಕಿ ಬರುತ್ತಿರಲಿಲ್ಲ. ಆಶಾ ಅಕ್ಕ ಆ ಕೈಯನ್ನು ತನ್ನ ಎರಡು ಅಂಗೈ ನಡುವೆ ಇಟ್ಟುಕೊಂಡು ತಿಕ್ಕುತ್ತಿದ್ದರು. ತಿಕ್ಕುತ್ತಾ ಮಾತಾಡುತ್ತಿದ್ದರು: ಮಗಳ ಬಾಣಂತನ, ಕೊಬ್ಬರಿ ರೇಟು, ಸೊಸೆಯ ಕಾಲುನೋವು. ಬೆರಳು ಬಿಸಿಯಾಗೋ ಹೊತ್ತಿಗೆ ಮನೆಯ ವಿಷಯ ಎಲ್ಲ ಬಂದಿರುತ್ತಿತ್ತು. ಯಾರಿಗೆ ಜ್ವರ, ಯಾರು ಬೆಂಗಳೂರಿನಿಂದ ಬಂದು ಹಿತ್ತಲ ಕೋಣೆಯಲ್ಲಿದ್ದಾರೆ ಅನ್ನೋದೆಲ್ಲ. ನಾನು ಪಕ್ಕದಲ್ಲಿ ಎರಡು ಮೀಟರ್ ದೂರ ನಿಂತು ಅಂತರದ ಬಗ್ಗೆ ಭಾಷಣ ಮಾಡುತ್ತಿದ್ದೆ. ನನ್ನ ಭಾಷಣಕ್ಕೆ ಎಲ್ಲರೂ "ಹೂಂ ಕಣವ್ವ" ಅನ್ನುತ್ತಿದ್ದರು. ಆ 'ಹೂಂ' ಎಣಿಸಿಕೊಂಡು ನಾನು ಖುಷಿಪಡುತ್ತಿದ್ದೆ.

ಬೆರಳು ಕೊಡದವರೂ ಇದ್ದರು. ಅಂಥ ಮನೆಗಳ ಎದುರು ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ 'ನಿರಾಕರಣೆ' ಅಂತ ಬರೆಯಬೇಕಿತ್ತು. ಕಾರಣ ಅನ್ನೋ ಅಂಕಣ ಇತ್ತು. ನಾನು ಎಲ್ಲದಕ್ಕೂ ಒಂದೇ ಕಾರಣ ಬರೆದೆ: ತಿಳಿವಳಿಕೆ ಕೊರತೆ.

ಕೊನೆಮನೆ

ಕೊನೆಮನೆ ಅಂತಲೇ ಕರೆಯೋಣ. ಊರಿನ ಕೊನೆಗೆ, ಕೆರೆ ಏರಿಗೆ ಹತ್ತಿರ. ಗಂಡ, ಹೆಂಡತಿ, ಎಪ್ಪತ್ತು ದಾಟಿದ ಅತ್ತೆ. ಬಂದ್ ಶುರುವಾಗೋ ಹಿಂದಿನ ದಿನ ಮಗ ಬೆಂಗಳೂರಿನಿಂದ ಬಂದಿದ್ದ. ಮೊದಲು ಅವನಿಗೆ ಬಂತು, ಆಮೇಲೆ ಮೂವರಿಗೂ. ಮೇ ಕೊನೆಯ ಹೊತ್ತಿಗೆ ಹಳ್ಳಿಗಳಲ್ಲಿ ಮನೆಯಲ್ಲೇ ಇರೋದು ಬೇಡ, ಕೇರ್ ಸೆಂಟರಿಗೆ ಕಳಿಸಿ ಅಂತ ಆದೇಶ ಬಂದಿತ್ತು. ನಮ್ಮ ಕಡೆಗೆ ತಾಲ್ಲೂಕಿನ ಒಂದು ಹಾಸ್ಟೆಲ್ಲೇ ಕೇರ್ ಸೆಂಟರ್. ಗಂಡಸರಿಬ್ಬರೂ ಒಪ್ಪಿಕೊಂಡು ಹೋದರು. ಅತ್ತೆ ಸೊಸೆ ಒಪ್ಪಲಿಲ್ಲ. ಮೂರು ದಿನ ಮೂರು ಸಲ ಆಂಬುಲೆನ್ಸ್ ಬಂತು. ಮೂರು ಸಲವೂ ಸದ್ದು ಕೇಳಿದ ಕೂಡಲೇ ಹಿತ್ತಲ ಬಾಗಿಲಿನಿಂದ ಇಬ್ಬರೂ ಜೋಳದ ಹೊಲಕ್ಕೆ ಇಳಿದುಬಿಟ್ಟರು. ಊರಿನಲ್ಲಿ ಇದು ದೊಡ್ಡ ನಗೆಪಾಟಲು. ಪುಸ್ತಕದಲ್ಲಿ ನನ್ನ ಕೆಂಪು ಇಂಕು.

ನಾಲ್ಕನೇ ದಿನ ನಾವೇ ದಂಡು ಕಟ್ಟಿಕೊಂಡು ಹೋದೆವು. ಪಿಡಿಒ, ಗ್ರಾಮ ಲೆಕ್ಕಿಗರು, ಆಶಾ ಅಕ್ಕ, ಬ್ಯಾಡ್ಜ್ ಹಾಕಿಕೊಂಡ ನಾನು. ಸೊಸೆ (ನನಗೆ ವರಸೆಯಲ್ಲಿ ದೊಡ್ಡಮ್ಮ ಆಗಬೇಕು) ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಂತಿದ್ದರು. ಪಿಡಿಒ ಮಾತಾಡಿದರು. ಆಮೇಲೆ ನನಗೆ ಮಾತಾಡೋಕೆ ಹೇಳಿದರು, ಊರ ಹುಡುಗಿ ಅಂತ. ವೈರಸ್ ಹೇಗೆ ಹರಡುತ್ತೆ, ಆಮ್ಲಜನಕ 94ಕ್ಕಿಂತ ಕೆಳಗೆ ಇಳಿದರೆ ಏನಾಗುತ್ತೆ, ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ದೊಡ್ಡಮ್ಮ ಪೂರ್ತಿ ಕೇಳಿದರು. ಮಧ್ಯೆ ಒಂದು ಮಾತು ಆಡಲಿಲ್ಲ. ನಾನು ನಿಲ್ಲಿಸಿದ ಮೇಲೆ ಅಂದರು:

"ಆಯ್ತು ಕಣವ್ವ. ಗೌರೀನ ಯಾರು ಕರೀತಾರೆ?"

ನಾವು ಅವರನ್ನು ಕರೆಯೋಕೆ ಹೋಗಿದ್ದೆವು. ಅವರು ಹಸು ಕರೆಯೋರು ಯಾರು ಅಂತ ಕೇಳಿದರು. ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಗೌರಿ ಕರು ಹಾಕಿ ಎರಡು ತಿಂಗಳಾಗಿತ್ತು. ಎಚ್‌ಎಫ್ ಮಿಶ್ರತಳಿ, ಹೊತ್ತಿಗೆ ಐದಾರು ಲೀಟರ್ ಹಾಲು. ಒಂದು ಹೊತ್ತು ಕರೆಯದಿದ್ದರೆ ಕೆಚ್ಚಲು ಕಲ್ಲಾಗುತ್ತೆ. ಹಾಗೇ ಬಿಟ್ಟರೆ ಕೆಚ್ಚಲು ಬಾವು. ಆಮೇಲೆ ಆ ಹಸುವಿಗೆ ಏನು ಬೆಲೆ ಅಂತ ಹಸು ಕಟ್ಟಿದವರಿಗೆ ಗೊತ್ತು. ರೋಗದ ಮನೆ ಅಂತ ಬೀದಿಯಲ್ಲಿ ಒಬ್ಬರೂ ಆ ಕೊಟ್ಟಿಗೆ ಕಡೆ ತಲೆ ಹಾಕುತ್ತಿರಲಿಲ್ಲ. ಅತ್ತೆ ಸೊಸೆ ಆಂಬುಲೆನ್ಸ್ ಕಂಡು ಓಡಿದ್ದು ವೈರಸ್ ಗೊತ್ತಿಲ್ಲದೆ ಅಲ್ಲ. ಅವರಿಗೆ ಎಲ್ಲ ಗೊತ್ತಿತ್ತು, ಟೀವಿ ಅವರ ಮನೆಯಲ್ಲೂ ಇತ್ತು. ಗೊತ್ತಿಲ್ಲದಿದ್ದದ್ದು ನಮಗೆ. ಮೂರು ದಿನ ಬಂದು ಹೋದವರಲ್ಲಿ ಒಬ್ಬರೂ 'ಯಾಕೆ ಬರಲ್ಲ' ಅಂತ ಕೇಳಿರಲಿಲ್ಲ. 'ಬನ್ನಿ' ಅಂತ ಮಾತ್ರ ಹೇಳಿದ್ದೆವು.

"ನಾನು ಕರೀತೀನಿ" ಅಂದುಬಿಟ್ಟೆ. ದೊಡ್ಡ ಮನಸ್ಸಿನಿಂದ ಹೇಳಿದ್ದಲ್ಲ. ಪುಸ್ತಕದ ಕೆಂಪು ಇಂಕು ಅಳಿಸಬೇಕಿತ್ತು. ಪಿಡಿಒ ಎದುರು ಸ್ವಲ್ಪ ಹೆಸರು ಬರಲಿ ಅಂತಲೂ ಇತ್ತು. ದೊಡ್ಡಮ್ಮ ನನ್ನ ಕೈ ನೋಡಿದರು. "ಬರ್ತದಾ?" ಅಂದರು. ಬರ್ತದೆ ಅಂದೆ. ಪಿಯುಸಿ ತನಕ ನಮ್ಮ ಮನೆಯ ಹಸು ಕರೆದಿದ್ದೆ. ಆಮೇಲೆ ಹಾಸ್ಟೆಲ್. ಅರ್ಧ ಗಂಟೆಯಲ್ಲಿ ಅತ್ತೆ ಸೊಸೆ ಚೀಲ ಹಿಡಿದು ಹೊರಗೆ ಬಂದರು.

ಸೀರೆ

ಅವತ್ತು ಸಂಜೆ ಮಾಸ್ಕ್ ಎರಡು ಹಾಕಿ, ಗ್ಲೌಸ್ ಹಾಕಿ, ಕೈಗೆ ಸ್ಯಾನಿಟೈಸರ್ ಬಳಿದುಕೊಂಡು ಕೊಟ್ಟಿಗೆಗೆ ಹೋದೆ. ಗೌರಿ ಕಿವಿ ನಿಮಿರಿಸಿತು. ಬೂಸಾ ಕಲಸಿ ಇಟ್ಟೆ, ಮೂಸಿ ಹಿಂದೆ ಸರಿಯಿತು. ಕರು ಬಿಟ್ಟು, ಎಳೆದು ಕಟ್ಟಿ, ಕುಕ್ಕರಗಾಲಲ್ಲಿ ಕೂತು ಕೆಚ್ಚಲು ಮುಟ್ಟಿದ್ದೇ ತಡ, ಬಕೆಟ್ ಗಂಜಲದ ಗುಂಡಿಗೆ ಹಾರಿತು. ನಾನು ಸಗಣಿ ಮೇಲೆ ಕೂತಿದ್ದೆ. ಇನ್ನೊಂದು ಸಲ ನೋಡಿದೆ. ಈ ಸಲ ಒದೆಯಲಿಲ್ಲ, ಹಾಲನ್ನೂ ಬಿಡಲಿಲ್ಲ. ನಾಲ್ಕು ಮೊಲೆ ಹಿಂಡಿದರೆ ಒಂದು ಲೋಟ. ಕೆಚ್ಚಲು ಮಾತ್ರ ತುಂಬಿ ಬಿಗಿದಿತ್ತು.

ಫೋನ್ ಮಾಡಿದೆ. ದೊಡ್ಡಮ್ಮ ಆಗಷ್ಟೇ ಹಾಸ್ಟೆಲ್ಲಿನ ಮಂಚ ಹಿಡಿದಿದ್ದರು. "ಮೂತಿ ಮುಚ್ಕೊಂಡು ಹೋಗಿದ್ಯಾ?" ಅಂತ ಮೊದಲು ಕೇಳಿದರು. ಹೌದು ಅಂದೆ. "ತೆಗಿ ಅದ್ನ. ಕೈಯಾಗಿಂದೂ ತೆಗಿ. ಬೂದಿ ಹಾಕಿ ಕೈ ತೊಳ್ಕೊ, ಆ ವಾಸ್ನೆ ಹೋಗ್ಲಿ. ಗಳದ ಮೇಲೆ ನನ್ನ ಹಸಿರು ಸೀರೆ ಅದೆ, ಮೈಮೇಲೆ ಹಾಕ್ಕೊ. ನಿಂತ್ಕೊಂಡು ಒಂದ್ ಹೊತ್ತು ಕುತ್ತಿಗೆ ತುರ್ಸು. ಆಮ್ಯಾಕೆ ಕೂರು."

ಗಳದ ಮೇಲಿನ ಹಸಿರು ಸೀರೆ ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೊರೋನಾ ಬಂದ ಹೆಂಗಸು ಅವತ್ತು ಬೆಳಿಗ್ಗೆ ತನಕ ಹೊದ್ದಿದ್ದ ಸೀರೆ. ಆಗಿನ ದಿನಗಳು ನೆನಪಿರಬೇಕು ನಿಮಗೆ. ತರಕಾರಿಯನ್ನು ಸೋಪಿನಲ್ಲಿ ತೊಳೆಯುತ್ತಿದ್ದ ಕಾಲ. ಬಟ್ಟೆಯಿಂದ ಹರಡೋದು ಬಹಳ ಕಡಿಮೆ, ಗಾಳಿಯದ್ದೇ ಮುಖ್ಯ ಅನ್ನೋ ಮಾತು ಇನ್ನೂ ಊರಿನ ತನಕ ಬಂದಿರಲಿಲ್ಲ. ಮನೆ ಖಾಲಿ, ಕೊಟ್ಟಿಗೆಗೆ ಮೂರು ಕಡೆ ಗೋಡೆ ಇಲ್ಲ. ಈಗ ಯೋಚಿಸಿದರೆ ಅಂಥ ಅಪಾಯವೇನೂ ಇರಲಿಲ್ಲ. ಆದರೆ ಒಂದು ತಿಂಗಳು ಊರಿಡೀ 'ಮಾಸ್ಕಿಲ್ಲದ ಮುಖ' ಅಂತ ಕೂಗಿಕೊಂಡು ತಿರುಗಿದವಳು ನಾನು. ಆಶಾ ಅಕ್ಕ ಒರಟು ಬೆರಳು ತಿಕ್ಕುವಾಗ ಎರಡು ಮೀಟರ್ ದೂರ ನಿಂತವಳು. ಈಗ ಒಂದು ಹಸುವಿಗೆ ನನ್ನ ಮುಖ ಬೇಕಿತ್ತು, ಬರಿಗೈ ಬೇಕಿತ್ತು.

ಮಾಸ್ಕ್ ತೆಗೆದೆ. ಸೀರೆ ಹೊದ್ದೆ. ಹೊಗೆ, ಹರಳೆಣ್ಣೆ, ಹಿಂಡಿ ಎಲ್ಲ ಸೇರಿದ ವಾಸನೆ. ಗೌರಿಯ ಗಂಗೆದೊಗಲು ತುರಿಸಿದೆ. ಅದು ಸೆರಗು ಮೂಸಿತು, ಇನ್ನೊಮ್ಮೆ ಮೂಸಿತು, ಉಸ್ಸಂತ ದೊಡ್ಡ ಉಸಿರು ಬಿಟ್ಟು ಬೂಸಾಕ್ಕೆ ಬಾಯಿ ಹಾಕಿತು. ಕೂತು ಹಿಂಡಿದೆ. ಮೊದಲು ಬಕೆಟ್ಟಿನ ತಳಕ್ಕೆ ಟಣ್ ಟಣ್, ಆಮೇಲೆ ನೊರೆಯ ಮೇಲೆ ಸೊರ್ ಸೊರ್. ಫೋನ್ ಕಟ್ ಮಾಡಿರಲಿಲ್ಲ, ನೆಲದ ಮೇಲೆ ಇತ್ತು. ಸದ್ದು ಕೇಳಿ ಅಲ್ಲಿಂದ ದೊಡ್ಡಮ್ಮ, "ಹಾಂ, ಬಿಡ್ತು" ಅಂದರು. ಆಮೇಲೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಹಾಲು ಮುಗಿಯೋ ತನಕ ಇಬ್ಬರೂ ಲೈನಿನಲ್ಲೇ ಇದ್ದೆವು.

ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ತಡೆದರು. ಸೀರೆ ಹೊದ್ದದ್ದು ಊರಿಗೆಲ್ಲ ಆಗಲೇ ಸುದ್ದಿ. "ನಿಮ್ಮ ಕಾಲೇಜಿನೋರು ಹಸ ಕರಿಯಾಕೆ ಹೇಳಿದ್ರಾ?" ಅಂತ ಬೈದುಕೊಂಡೇ ಹಿತ್ತಲಲ್ಲಿ ಬಿಸಿನೀರು ಹುಯ್ದರು. ಹತ್ತು ದಿನ ನನ್ನ ಊಟ, ನಿದ್ದೆ ಎಲ್ಲ ಪಂಪ್‌ಸೆಟ್ ಮನೆಯಲ್ಲಿ.

ಹಾಲು ಏನಾಯಿತು

ಮರುದಿನ ಬೆಳಿಗ್ಗೆ ಹಾಲು ತಗೊಂಡು ಡೈರಿಗೆ ಹೋದೆ. ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದರು. ಕಾರ್ಯದರ್ಶಿ ಕೈಮುಗಿದರು: "ತಾಯಿ, ಬ್ಯಾಡ. ಈ ಹಾಲು ಹಾಕ್ಸಿಕೊಂಡ್ರೆ ನಾಳೆ ಯಾರೂ ಹಾಕಲ್ಲ." ಹಾಲು ಒಕ್ಕೂಟದಲ್ಲಿ ಕಾಯಿಸೇ ಕಾಯಿಸ್ತಾರೆ, 72 ಡಿಗ್ರಿಗೆ ಯಾವ ವೈರಸ್ ಉಳಿಯುತ್ತೆ ಅಂತ ಅಲ್ಲೂ ಭಾಷಣ ಶುರು ಮಾಡಿದೆ. ಎಲ್ಲರೂ "ಹೂಂ ಕಣವ್ವ" ಅಂದರು. ಹಾಲು ಮಾತ್ರ ಕ್ಯಾನಿಗೆ ಬೀಳಲಿಲ್ಲ. ಎರಡು ದಿನ ತೆಂಗಿನ ಬುಡಕ್ಕೆ ಸುರಿದೆ. ಐದು ಲೀಟರ್ ಬಿಸಿ ಹಾಲು ಮಣ್ಣಿಗೆ ಇಂಗೋದನ್ನು ನೋಡೋದು ಇದೆಯಲ್ಲ, ಬೇಡ ಬಿಡಿ.

ಮೂರನೇ ದಿನ ಪಕ್ಕದ ಮನೆಯ ಅಜ್ಜಿ ಬೇಲಿ ಆಚೆಯಿಂದ ಪಾತ್ರೆ ಚಾಚಿದರು. ಈ ಅಜ್ಜಿ ಲಸಿಕೆ ಬೇಡವೇ ಬೇಡ ಅಂದವರು. ನನ್ನ ಪುಸ್ತಕದಲ್ಲಿ ಕೆಂಪು ಇಂಕು, 'ತಿಳಿವಳಿಕೆ ಕೊರತೆ'. "ಚೆಲ್ಲಬ್ಯಾಡ ಕಣ್ ಮಗ, ಪಾಪ ಬತ್ತದೆ. ಮೂರು ಉಕ್ಕು ಬಂದ್ಮೇಲೆ ಯಾವ್ ರೋಗ ಉಳೀತದೆ?" ನಾನು ಡೈರಿಯಲ್ಲಿ ಹೇಳಿದ್ದೂ ಅದನ್ನೇ. ಅಜ್ಜಿಗೆ ಡಿಗ್ರಿ ಬೇಕಾಗಿರಲಿಲ್ಲ, ಅಷ್ಟೇ. ಅವತ್ತಿನಿಂದ ಅಜ್ಜಿ ಮನೆಯಲ್ಲಿ ಮೊಸರು, ಬೆಣ್ಣೆ. ಒಂದು ಸಂಜೆ ಬೆಣ್ಣೆ ತೆಗೆಯುವಾಗ, ಸೂಜಿ ಯಾಕೆ ಬೇಡ ಅಜ್ಜಿ ಅಂತ ಕೇಳಿದೆ. ಮೊದಲ ಸಲ ಕೇಳಿದ್ದು. ಹಿಂದಿನ ವರ್ಷ ಅದೇ ಆಸ್ಪತ್ರೆಗೆ ಹೋದ ತಮ್ಮ ವಾಪಸ್ ಬರಲಿಲ್ಲ, ಮುಖವನ್ನೂ ತೋರಿಸಲಿಲ್ಲ, ಆ ಬಾಗಿಲು ದಾಟಲ್ಲ ಅಂದರು. ಸೂಜಿಯ ಬಗ್ಗೆ ಅವರಿಗೆ ಏನೂ ತಕರಾರು ಇರಲಿಲ್ಲ. ಬಾಗಿಲಿನ ಬಗ್ಗೆ ಇತ್ತು. ಜೂನ್‌ನಲ್ಲಿ ಊರಿನ ಶಾಲೆಯಲ್ಲೇ ಲಸಿಕೆ ಹಾಕಿದಾಗ ಸಾಲಿನಲ್ಲಿ ಮೂರನೆಯವರು ಈ ಅಜ್ಜಿ.

ಹತ್ತು ದಿನ ಕಳೆದು ಮೂವರು ಮನೆಗೆ ಬಂದರು. ದೊಡ್ಡಮ್ಮನ ಅತ್ತೆ ಬರಲಿಲ್ಲ. ಅಲ್ಲಿ ಎರಡನೇ ರಾತ್ರಿಯೇ ಆಮ್ಲಜನಕ 84ಕ್ಕೆ ಇಳಿದು, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕಳಿಸಿದ್ದರು. ಮೂರು ವಾರ ಬೇಕಾಯಿತು ವಾಪಸ್ ಬರೋಕೆ. ಈಗಲೂ ಇದ್ದಾರೆ. ಕೆರೆ ಏರಿ ಹತ್ತುವಾಗ ಎರಡು ಕಡೆ ಕೂರುತ್ತಾರೆ. ಮೂರು ದಿನ ಮೊದಲೇ ಹೋಗಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಯಾವ ಡಾಕ್ಟರೂ ಹೇಳಿಲ್ಲ. ಹೇಳೋಕೂ ಬರಲ್ಲ. ಆದರೆ ಅವರು ಕೂರೋದನ್ನು ಕಂಡಾಗಲೆಲ್ಲ ನನಗೆ ಹಾಗೇ ಹೋದ ಆ ಮೂರು ದಿನಗಳೇ ನೆನಪಾಗೋದು.

ಎನ್‌ಎಸ್‌ಎಸ್ ಡೈರಿಯಲ್ಲಿ ಆ ಹತ್ತು ದಿನಕ್ಕೆ ಏನು ಬರೆಯೋದು ಅಂತ ಗೊತ್ತಾಗಲಿಲ್ಲ. 'ಹಸು ಕರೆದದ್ದು, 2 ಗಂಟೆ' ಅಂತ ಒಂದು ಸಲ ಬರೆದೆ. ಸಹಿ ಹಾಕಬೇಕಾದವರು ಫೋನಿನಲ್ಲಿ ನಕ್ಕು, ಜಾಗೃತಿ ಅಂತ ತಿದ್ದಿಬಿಡಮ್ಮ, ಆಡಿಟ್‌ನಲ್ಲಿ ಕೇಳ್ತಾರೆ ಅಂದರು. ತಿದ್ದಿದೆ. ಸರ್ಟಿಫಿಕೇಟ್ ಬಂತು. ಅದು ಈಗಲೂ ಅಂಕಪಟ್ಟಿಗಳ ಜೊತೆ ಇದೆ.

ಡ್ರಮ್ಮು

ಇಷ್ಟೂ ತಲೆಯಲ್ಲಿ ಓಡಿದ ಮೇಲೆ, ಅವತ್ತು ರಾತ್ರಿ ತಮ್ಮನಿಗೆ ವಾಪಸ್ ಫೋನ್ ಮಾಡಿದೆ. ನೀವು ಅಲ್ಲಿ ಹೋಗಿ ಏನು ಹೇಳ್ತೀರ ಅಂತ ಕೇಳಿದೆ. ಅವನು ಪಟಪಟ ಹೇಳಿದ. ಡೆಂಗಿ ಸೊಳ್ಳೆ ಒಳ್ಳೆ ನೀರಿನಲ್ಲೇ ಮೊಟ್ಟೆ ಇಡೋದು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರ, ಹತ್ತು ದಿನ. ಅದಕ್ಕೆ ವಾರಕ್ಕೊಂದು ಸಲ ಡ್ರಮ್ಮು, ತೊಟ್ಟಿ ಎಲ್ಲ ಖಾಲಿ ಮಾಡಿ, ಉಜ್ಜಿ, ಒಣಗಿಸಿ. "ಎಲ್ಲ ಸರಿ. ಜನ ಮಾಡ್ತಾರಾ?" ಅಂದೆ. "ಎಲ್ಲಿ ಮಾಡ್ತಾರಕ್ಕ, ಹೋದ ವಾರಾನೂ ಹೇಳಿ ಬಂದ್ವಿ. ಹೂಂ ಅಂತಾರೆ, ಮಾಡಲ್ಲ. ಅವ್ರಿಗೆ ತಿಳಿವಳಿಕೆ ಇಲ್ಲ."

ಆ ಏರಿಯಾದಲ್ಲಿ ನಲ್ಲಿ ನೀರು ಯಾವತ್ತು ಬರುತ್ತೆ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಅವರು ಡ್ರಮ್ಮು ತುಂಬಿಸಿ ಇಟ್ಟುಕೊಂಡಿರೋದು ಯಾಕಿರಬಹುದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಾದ. ಎರಡನೇ ಘೋಷಣೆ ಎಲ್ಲಿ ಅಂತ ಮತ್ತೆ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮೆಸೇಜ್ ಬಂತು. ಜಾಥಾ ಫೋಟೊ ಇರಬಹುದು ಅಂದುಕೊಂಡೆ. ಫೋಟೊ ಇರಲಿಲ್ಲ. "ಅಕ್ಕ, ಆ ಎರಡು ಬೀದಿಗೆ ಐದು ದಿನಕ್ಕೊಂದು ಸಲ ನೀರು. ಮುಂದಿನ ಸಲ ಬುಧವಾರ ಬೆಳಿಗ್ಗೆ ಅಂತೆ. ಮಂಗಳವಾರ ಸಂಜೆಗೆ ಡ್ರಮ್ಮೆಲ್ಲ ತಳ ಕಂಡಿರುತ್ತೆ. ಬ್ರಷ್ ತಗೊಂಡು ಆವಾಗ ಹೋಗ್ತೀವಿ."